ಅಯಸ್ಕಾಂತ ಅಂಟದ ಸ್ಟೀಲು

ಸಿದ್ದಾಪುರದ ಕಡೆಯವರು ಮದುವೆಗೆ ಪಾತ್ರೆ ಕೊಳ್ಳಲು ಶಿರಸಿಗೆ ಹೊರಟರೆ, ಮದುಮಗಳ ಸೋದರಮಾವನನ್ನು ಕರೆಯಲು ಮರೆತರೂ ನನ್ನ ಭಾವನನ್ನು ಕರೆಯಲು ಮರೆಯುತ್ತಿರಲಿಲ್ಲ. ಅವನ ಅಂಗಿಯ ಕಿಸೆಯಲ್ಲಿ ಕೆಟ್ಟ ರೇಡಿಯೋದ ಸ್ಪೀಕರಿನಿಂದ ಬಿಚ್ಚಿದ ದುಂಡನೆಯ ಅಯಸ್ಕಾಂತ ಒಂದು ಇರುತ್ತಿತ್ತು. ಅಂಗಡಿಯಲ್ಲಿ ಕೂತು, ಚಹಾ ಬಂದರೆ ಕುಡಿದು, ಆಮೇಲೆ ಒಂದೊಂದೇ ತಪ್ಪಲೆ, ಕೊಳಗ, ಸೌಟು ಎತ್ತಿಕೊಂಡು ಅದಕ್ಕೆ ಅಯಸ್ಕಾಂತ ಹಿಡಿಯುತ್ತಿದ್ದ. ಅಂಟದಿದ್ದರೆ ಅಸಲಿ ಸ್ಟೀಲು. ಅಂಟಿದರೆ ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟು, ಸತ್ತವರ ಮನೆಗೆ ಮಾತಾಡಿಸಲು ಬಂದವನ ಮುಖ ಮಾಡಿ, “ಇದು ಕಲಬೆರಕೆ” ಎನ್ನುತ್ತಿದ್ದ. ಖಾಲಿ ಹಂಡೆಯೊಳಗೆ ತಲೆ ಹಾಕಿ ಮಾತಾಡಿದಂಥ ಧ್ವನಿ ಅದು. ಅಂಗಡಿಯವನಿಗೆ ಮತ್ತೆ ವಾದಿಸುವ ಉಮೇದು ಉಳಿಯುತ್ತಿರಲಿಲ್ಲ.

ಈ ದೃಶ್ಯವನ್ನು ನಾನು ಎಷ್ಟು ಮನೆಗಳ ಅಂಗಳದಲ್ಲಿ ಆಡಿ ತೋರಿಸಿದ್ದೇನೋ ಲೆಕ್ಕವಿಲ್ಲ. ಅಯಸ್ಕಾಂತದ ಬದಲು ಕೈಯಲ್ಲೊಂದು ಬಿಸ್ಕೀಟು, ಪಾತ್ರೆಯ ಬದಲು ಎದುರಿಗಿದ್ದ ಯಾರದಾದರೂ ಬೋಳು ತಲೆ. “ಇದು ಕಲಬೆರಕೆ.” ಜನ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಭಾವನೇ ನಗುತ್ತಿದ್ದ. ನಮ್ಮಲ್ಲಿ ಅಕ್ಕನ ಗಂಡ ನನಗೆ ಭಾವ, ನಾನೂ ಅವನಿಗೆ ಭಾವ. ಇಬ್ಬರಿಗೂ ಒಂದೇ ಪದವಾದ ಮೇಲೆ ಗೌರವ ಯಾರು ಯಾರಿಗೆ ಕೊಡಬೇಕೆಂದು ತಿಳಿಯದೆ, ನಾವು ಇಬ್ಬರೂ ಕೊಡುತ್ತಿರಲಿಲ್ಲ. ಸಲಿಗೆ ಹೆಚ್ಚಾದಾಗ ಅವನು ನನ್ನನ್ನು ‘ಭಾವಯ್ಯ’ ಎನ್ನುತ್ತಿದ್ದ.

ನನ್ನ ಗುಣವೇ ಹಾಗೆ. ಬಸ್ಸಿನ ಕಂಡಕ್ಟರು, ಶಾಲೆಯ ಮಾಸ್ತರು, ಮಂತ್ರದ ನಡುವೆ ಕೆಮ್ಮುವ ಪುರೋಹಿತರು, ಯಾರು ಸಿಕ್ಕರೂ ಅವರ ಧ್ವನಿಯನ್ನು ನನ್ನ ಗಂಟಲಿಗೆ ಇಳಿಸಿಕೊಳ್ಳುತ್ತಿದ್ದೆ. ಐಟಿಐಯಲ್ಲಿ ಲೇತಿನ ಮೇಲೆ ಲೋಹ ಕಡೆಯುವ ಟರ್ನರ್ ಕೋರ್ಸು ಮಾಡಿದವನು ನಾನು. ಮೊದಲ ವರ್ಷ ಡುಮ್ಕಿ ಹೊಡೆದು, ಎರಡನೆಯ ಸಲ ಪಾಸಾಗಿ, ಸರ್ಟಿಫಿಕೇಟು ಹಿಡಿದು ಬಂದಾಗ, ಉಳಿದವರು ಬೇಡವೆಂದ ಎಳೆಗರುವನ್ನು ಕಟ್ಟಿಕೊಂಡ ಹಾಗೆ ಭಾವ ನನ್ನನ್ನು ತನ್ನ ವರ್ಕ್‌ಶಾಪಿನಲ್ಲಿ ಕಟ್ಟಿಕೊಂಡ. ಸಿದ್ದಾಪುರ ಪೇಟೆಯಿಂದ ಸ್ವಲ್ಪ ಹೊರಗೆ, ರಸ್ತೆಯ ಪಕ್ಕದಲ್ಲಿ ತಗಡಿನ ಶೆಡ್ಡು. ಒಂದು ಹಳೆಯ ಲೇತು, ಒಂದು ಡ್ರಿಲ್ಲು, ವೆಲ್ಡಿಂಗು, ಒಂದು ಟೆಲಿಫೋನು. ಹಿಂದಿನ ಮನೆಯಲ್ಲಿ ಅಕ್ಕ, ಮತ್ತು ಆಗಿನ್ನೂ ತೊಟ್ಟಿಲಲ್ಲಿದ್ದ ಅವರ ಮಗಳು.

ಆ ಶೆಡ್ಡಿನಲ್ಲಿ ಭಾವ ಹಸಿ ಅಡಿಕೆ ಸುಲಿಯುವ ಯಂತ್ರ ಮಾಡುತ್ತಿದ್ದ. ಕೊಯ್ಲಿನ ಕಾಲಕ್ಕೆ ಸಂಜೆಯ ಹೊತ್ತು ಜನ ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಾರಲ್ಲ, ನನ್ನ ಆಟಗಳೆಲ್ಲ ನಡೆಯುತ್ತಿದ್ದದ್ದು ಅಲ್ಲಿಯೇ. ಅವರು ಏಳುವಂತಿಲ್ಲ, ಕೈ ಬಿಡುವಂತಿಲ್ಲ, ನಾನು ಹೇಳಿದ್ದನ್ನು ಕೇಳದೆ ಬೇರೆ ಗತಿಯಿಲ್ಲ. ಅಂಥ ಪ್ರೇಕ್ಷಕರು ಯಾವ ನಟನಿಗೂ ಸಿಕ್ಕಿರಲಾರರು.

“ಮೆಷಿನ್ ಬಂದ್ರೆ ನಿನ್ನ ನಾಟ್ಕ ನೋಡಲೆ ಯಾರು ಬತ್ತ, ಭಾವಯ್ಯ?” ಎಂದು ಭಾವ ಕೇಳುತ್ತಿದ್ದ.

“ಮೆಷಿನ್ನಿಗೇ ತೋರಿಸ್ತೆ. ಅದೂ ಮಧ್ಯ ಎದ್ದು ಹೋಗ್ತಿಲ್ಲೆ” ಎನ್ನುತ್ತಿದ್ದೆ.

ಯಂತ್ರವೇನೋ ಸಿದ್ಧವಾಗಿತ್ತು. ತಿರುಗುವ ರೋಲರಿನ ಮೇಲೆ ಹಲ್ಲುಹಲ್ಲಾದ ಉದ್ದನೆಯ ಅಲಗುಗಳು, ಎದುರಿಗೆ ರಬ್ಬರಿನ ಹಾಸು. ನಡುವೆ ಅಡಿಕೆ ಬಿದ್ದರೆ ಸಿಪ್ಪೆ ಹರಿದು ಬೇರೆಯಾಗಬೇಕು. ತೊಂದರೆ ಇದ್ದದ್ದು ಅಲಗಿನದು. ಮೊದಲ ವರ್ಷ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಅಲಗು ಮಾಡಿ, ಕಮ್ಮಾರರಲ್ಲಿ ಕಾಯಿಸಿ ನೀರಿಗೆ ಹಾಕಿಸಿ, ಕೋಲಸಿರ್ಸಿಯ ಒಂದು ಮನೆಯಲ್ಲಿ ಓಡಿಸಿದೆವು. ಸುಲಿದದ್ದು ಚೆನ್ನಾಗಿಯೇ. ಆದರೆ ಹಸಿ ಅಡಿಕೆಯ ಚೊಗರಿಗೆ ಕಬ್ಬಿಣ ತಾಗಿದರೆ ಏನಾಗುತ್ತದೆ ಎಂಬುದು ನಮ್ಮ ಕಡೆಯ ಹೆಂಗಸರ ಬೆರಳಿಗೆ ಗೊತ್ತು. ಬೇಯಿಸಿ ಹರವಿದ ಮೇಲೆ ಒಂದೊಂದು ಅಡಿಕೆಯ ಮೇಲೂ ಕಪ್ಪು ಗೀರು ಎದ್ದು ನಿಂತಿತು. ಇಡೀ ರಾಶಿ, ಕಣ್ಣಿಗೆ ಕಾಡಿಗೆ ಹಚ್ಚಿದ ಮಕ್ಕಳ ಹಾಗೆ ನಮ್ಮನ್ನೇ ನೋಡುತ್ತಿತ್ತು. ಆ ಮನೆಯ ಯಜಮಾನರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮುಂದಿನ ವಾರದಿಂದ ಪೇಟೆಯಲ್ಲಿ ಭಾವನ ಯಂತ್ರಕ್ಕೆ ‘ಕರಿ ಮೆಷಿನ್’ ಎಂದು ಹೆಸರಾಯಿತು. ಇಟ್ಟವನು ನಾನಲ್ಲ. ಆ ಮಟ್ಟಿಗೆ ದೇವರು ನನ್ನ ಬಾಯನ್ನು ಕಾದ.

ಭಾವ ಯಾರ ತಮಾಷೆಗೂ ಬೇಸರಪಡದ ಮನುಷ್ಯ. ಆದರೆ ಆ ಹೆಸರು ಕೇಳಿದಾಗ ಕೈಯಲ್ಲಿದ್ದ ಕೆಲಸ ನಿಲ್ಲಿಸಿ, ಒಂದು ಕವಳ ಹಾಕಿ, ಅದು ಮುಗಿಯುವವರೆಗೂ ಮಾತಾಡುತ್ತಿರಲಿಲ್ಲ. ಎಲೆ, ಅಡಿಕೆ, ಸುಣ್ಣ, ಮತ್ತೆ ಒಂದು ಚೂರು ತಂಬಾಕು. ದಿನಕ್ಕೆ ಅಂಥವು ಎಷ್ಟು ಎಂದು ಅಕ್ಕ ಎಣಿಸುವುದನ್ನು ಬಿಟ್ಟಿದ್ದಳು.

ಕಬ್ಬಿಣ ಬೇಡವೆಂದರೆ ಸ್ಟೇನ್‌ಲೆಸ್ ಸ್ಟೀಲೇ ಆಗಬೇಕು. ಅದು ಕಪ್ಪಾಗುವುದಿಲ್ಲ. ಆದರೆ ಒಂದು ಹಗಲು ಓಡಿದರೆ ಹಲ್ಲುಗಳು ಮುದುಕರ ಹಲ್ಲಿನ ಹಾಗೆ ಮೊಂಡಾಗುತ್ತಿದ್ದವು. ಕಮ್ಮಾರರ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಟ್ಟಿಯಾಗುವ ಬದಲು ಅಲಗು ಒಣಗಿದ ಬಾಳೆಲೆಯ ಹಾಗೆ ಸೊಟ್ಟಗಾಗಿ ಬಂತು. ಆಗ ಭಾವನಿಗೆ ಯಾರೋ ಹೇಳಿದರು: ಬೆಂಗಳೂರಿನ ಪೀಣ್ಯದಲ್ಲಿ ಲೇಸರ್ ಕಿರಣ ಹಾಯಿಸಿ ಸ್ಟೀಲಿನ ಮೇಲ್ಮೈಯನ್ನು ಮಾತ್ರ ಗಟ್ಟಿ ಮಾಡುವ ಶೆಡ್ಡು ಇದೆ, ಕುಲುಮೆ ಬೇಡ, ನೀರು ಬೇಡ, ಅಲಗು ಸೊಟ್ಟಗಾಗುವುದಿಲ್ಲ. ಭಾವ ಫೋನು ಮಾಡಿದ. ಆ ಕಡೆಯವನು ಹೇಳಿದ್ದು ಇಷ್ಟು: “ಚಾಕುಗೆ ಹಾಕೋ ಸ್ಟೇನ್‌ಲೆಸ್ ತಗೊಂಡು ಕಟ್ ಮಾಡಿ ಕಳ್ಸಿ ಸಾರ್, ನಾವು ಮಾಡ್ಕೊಡ್ತೀವಿ.”

ಅದೇ ಮಳೆಗಾಲದಲ್ಲಿ ಭಾವನ ಧ್ವನಿ ಒಡೆಯಿತು.

ಮೊದಲು ನಾನೇ ಗುರುತಿಸಿದ್ದು. ದಿನಾ ಅದನ್ನು ಅನುಕರಣೆ ಮಾಡುವವನಿಗೆ ಗೊತ್ತಾಗದೆ ಇರುತ್ತದೆಯೇ? ಹಂಡೆಯ ತಳದಲ್ಲಿ ಎಲ್ಲೋ ಒಂದು ಸಣ್ಣ ಬಿರುಕು ಬಿಟ್ಟ ಹಾಗೆ. ಶೀತ ಎಂದುಕೊಂಡೆವು. ಅಕ್ಕ ಕಷಾಯ ಮಾಡಿದಳು. ಕಷಾಯ ಮುಗಿದರೂ ಬಿರುಕು ಮುಚ್ಚಲಿಲ್ಲ. ಶಿರಸಿಯ ಡಾಕ್ಟರು ನೋಡಿ ಹುಬ್ಬಳ್ಳಿಗೆ ಹೋಗಿ ಎಂದರು. ಹುಬ್ಬಳ್ಳಿಯ ಡಾಕ್ಟರು ಗಂಟಲೊಳಗೆ ಕನ್ನಡಿ ಇಟ್ಟು ನೋಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಮುಚ್ಚುಮರೆಯಿಲ್ಲದೆ ಹೇಳಿದರು. ಧ್ವನಿಯ ತಂತಿಯ ಮೇಲೆ ಸಣ್ಣ ಗಂಟು ಇದೆ. ಒಳ್ಳೆಯದಲ್ಲ. ಈಗಲೇ ಬಂದು ಕೆಲವು ವಾರ ಇಲ್ಲೇ ಉಳಿದು ಕರೆಂಟ್, ಅಂದರೆ ಕಿರಣದ ಚಿಕಿತ್ಸೆ, ಕೊಡಿಸಿಕೊಂಡರೆ ಗುಣವೂ ಆಗುತ್ತದೆ, ಧ್ವನಿಯೂ ಉಳಿಯುತ್ತದೆ. ತಡ ಮಾಡಿದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ. ಅದಕ್ಕೂ ತಡವಾದರೆ, ಎಂದು ಅವರು ನಿಲ್ಲಿಸಿದರು.

ವಾಪಸು ಬರುವಾಗ ಬಸ್ಸು ಎಕ್ಕಂಬಿ ದಾಟುವವರೆಗೂ ಭಾವ ಕಿಟಕಿಯ ಹೊರಗೆ ನೋಡುತ್ತಿದ್ದ. ಆಮೇಲೆ ಹೇಳಿದ, “ಕೊಯ್ಲು ಶುರು ಆಪಲೆ ಇನ್ನೆಷ್ಟು ದಿನ ಇದ್ದು? ಈಗ ಹೋಗಿ ಅಲ್ಲಿ ಮಲಗಿರೆ ಅಲಗು ಯಾರು ಮಾಡ್ತ?”

“ಆನು ಮಾಡ್ತೆ” ಎಂದೆ.

“ನೀನು ಮಾಡಿದ್ದು ಸುಲಿತಿಲ್ಲೆ, ಅಡಿಕೆನ ನಗಿಸ್ತು.”

“ನಗಿಸಿರೂ ಸಿಪ್ಪೆ ಬಿಡ್ತು ಭಾವ. ನೀ ಹೋಗು.”

“ಅಲಗು ಬೆಂಗಳೂರಿಂದ ಬರ್ಲಿ. ಒಂದು ಮನೆಲಿ ಓಡಿಸಿ ತೋರ್ಸಿ, ಮರುದಿನ ಹೋಗ್ತೆ.”

ಅಕ್ಕ ಅತ್ತಳು, ಬೈದಳು, ಕವಳದ ಸಂಚಿಯನ್ನು ಬಾವಿಗೆ ಎಸೆದಳು. ಭಾವ ಕವಳ ಬಿಟ್ಟ. ಅಷ್ಟರ ಮಟ್ಟಿಗೆ ಅವಳ ಮಾತು ಕೇಳಿದ. ಆದರೆ ಹುಬ್ಬಳ್ಳಿಯ ವಿಷಯ ತೆಗೆದರೆ, “ಅಲಗು ಬರ್ಲಿ” ಎನ್ನುವುದೊಂದೇ. “ತಮಾ, ಇವು ಯಾರ ಮಾತೂ ಕೇಳ್ತ್ವಿಲ್ಲೆ. ನೀನಾದ್ರೂ ಹೇಳು” ಎಂದು ಅಕ್ಕ ನನ್ನ ಕೈ ಹಿಡಿಯುತ್ತಿದ್ದಳು. ನಾನು ಹೇಳಿದೆ. ಡಾಕ್ಟರ ಧ್ವನಿಯಲ್ಲಿ ಹೇಳಿದೆ, ಅವನ ಸತ್ತುಹೋದ ಅಪ್ಪನ ಧ್ವನಿಯಲ್ಲಿ ಹೇಳಿದೆ. ಅವನು ನಕ್ಕ. ಸ್ಟೀಲಿನ ಹಲ್ಲಿಗೆ ಕಿರಣ ಹಾಕಿಸಲು ಬೆಂಗಳೂರಿನ ತನಕ ಹೋಗಲು ತಯಾರಿದ್ದವನು ತನ್ನ ಗಂಟಲಿಗೆ ಕಿರಣ ಹಾಕಿಸಲು ಹುಬ್ಬಳ್ಳಿಗೆ ಹೋಗಲು ತಯಾರಿರಲಿಲ್ಲ.

ಹಾಗಾಗಿ ನಮ್ಮೆಲ್ಲರ ಜೀವ ಆ ಅಲಗಿಗೆ ಜೋತುಬಿತ್ತು. ಎಷ್ಟು ಬೇಗ ಅದು ಬಂದರೆ ಅಷ್ಟು ಬೇಗ ಭಾವ ಆಸ್ಪತ್ರೆಗೆ. ಅಕ್ಕ, ಒಂದು ದಿನವೂ ಶೆಡ್ಡಿನೊಳಗೆ ಕಾಲಿಡದವಳು, ಬಂದು “ಸ್ಟೀಲು ಬಂತಾ?” ಎಂದು ಕೇಳತೊಡಗಿದಳು.

ಸ್ಟೀಲು ಬಂತು. ಹುಬ್ಬಳ್ಳಿಯ ವ್ಯಾಪಾರಿಗೆ ‘ಚಾಕುವಿನದು’ ಎಂದು ಹೇಳಿದ್ದೆವು, ಅವರು ಲಾರಿಯಲ್ಲಿ ಕಳಿಸಿದ್ದರು. ಗೋಣಿ ಬಿಚ್ಚಿದ್ದೇ ತಡ, ಭಾವ ಕಿಸೆಗೆ ಕೈ ಹಾಕಿದ. ಅಯಸ್ಕಾಂತ ಟಪ್ ಎಂದು ಅಂಟಿಕೊಂಡಿತು.

ಭಾವ ಕಿತ್ತು ಇನ್ನೊಂದು ಮೂಲೆಗೆ ಹಿಡಿದ. ಅಲ್ಲೂ ಅಂಟಿತು. ಅಕ್ಕ ಮನೆಯೊಳಗಿನಿಂದ ತವರಿನಿಂದ ತಂದ ಚರಿಗೆಯನ್ನು ತಂದು ಪಕ್ಕದಲ್ಲಿಟ್ಟಳು. ಅದಕ್ಕೆ ಅಂಟಲಿಲ್ಲ. ಇನ್ನೇನು ಸಾಕ್ಷಿ ಬೇಕು? ಊರಿನಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. ಆ ದಿನ ಶೆಡ್ಡಿಗೆ ಬಂದುಹೋದ ಪಂಪ್‌ಸೆಟ್ಟಿನವನು, ಹಾಲು ಹಾಕಿ ಬರುತ್ತಿದ್ದ ಮುದುಕ, ಎಲ್ಲರೂ ಅಯಸ್ಕಾಂತ ಇಸಿದುಕೊಂಡು ತಾವೂ ಒಮ್ಮೆ ಹಿಡಿದು ನೋಡಿ, ನಾಲಿಗೆ ಲೊಚಗುಟ್ಟಿದರು. ಎರಡು ತಲೆಮಾರಿನಿಂದ ನಾವು ಸ್ಟೀಲನ್ನು ತಿಳಿದದ್ದೇ ಹಾಗೆ. ಅನ್ನ ಬೇಯಿಸುವ ಸ್ಟೀಲು ಒಂದು ಜಾತಿ, ಕತ್ತರಿಸುವ ಸ್ಟೀಲು ಇನ್ನೊಂದು ಜಾತಿ ಎಂದು ನಮಗೆ ಯಾವ ಅಂಗಡಿಯವನೂ ಹೇಳಿರಲಿಲ್ಲ. ಹೇಳಿದ್ದರೂ ಕಲಬೆರಕೆ ಮಾರಲು ಕಟ್ಟಿದ ಕತೆ ಎನ್ನುತ್ತಿದ್ದೆವು.

ಭಾವನಿಗೆ ಆಗಲೇ ಜೋರಾಗಿ ಮಾತಾಡಲು ಆಗುತ್ತಿರಲಿಲ್ಲ. “ನೀ ಮಾತಾಡು. ಯನ್ನ ಧ್ವನಿಲೇ ಮಾತಾಡು. ಇಲ್ದೇ ಹೋದ್ರೆ ಅಂವ ಹೆದರ್ತ್ನಿಲ್ಲೆ” ಎಂದು ಫೋನು ನನ್ನ ಕೈಗೆ ಕೊಟ್ಟ. ನಾನು ಹಂಡೆಯ ಧ್ವನಿ ತೆಗೆದೆ. ಅಸಲಿ ಹಂಡೆ ಪಕ್ಕದಲ್ಲೇ ಕೂತು ಪಿಸುಗುಟ್ಟಿ ಹೇಳಿಕೊಡುತ್ತಿತ್ತು.

“ಎಂಥ ಮಾಲು ಕಳ್ಸಿದ್ರಿ ನೀವು? ಮ್ಯಾಗ್ನೆಟ್ ಅಂಟ್ತದೆ.”

“ಚಾಕೂಂದು ಕೇಳೀರಿ, ಚಾಕೂಂದ ಕಳಿಸೇನ್ರಿ ಸಾಹೇಬ್ರ” ಎಂದರು ಆ ಕಡೆಯಿಂದ. “ಅದಕ್ಕ ಮ್ಯಾಗ್ನೆಟ್ ಹತ್ತೂದನ್ರೀ.”

“ನಾನು ಇವತ್ತು ನಿನ್ನೆ ಸ್ಟೀಲು ನೋಡಿದವ ಅಲ್ಲ.”

“ನೀವು ನೋಡಿರಬಹುದ್ರೀ. ಆದ್ರ…”

“ಅಂಟದ್ದು ಕಳ್ಸಿ. ಇದು ವಾಪಸ್ ಬರ್ತದೆ.”

ಭಾವ ನನ್ನ ಬೆನ್ನು ತಟ್ಟಿದ. ವ್ಯಾಪಾರಿಯ ಕೊನೆಯ ‘ಆದ್ರ’ವನ್ನು ನಾನು ಆ ವಾರವೆಲ್ಲ ಆಡಿ ತೋರಿಸಿ ನಗಿಸಿದೆ.

ಗೋಣಿ ವಾಪಸು ಹೋಗಿ ಹೊಸದು ಬರುವಷ್ಟರಲ್ಲಿ ಮಳೆ ಬಿಟ್ಟಿತ್ತು. ಈ ಸಲ ಅಯಸ್ಕಾಂತ ಜಾರಿ ಕೆಳಗೆ ಬಿತ್ತು, ಭಾವನ ಮುಖ ಅರಳಿತು. ನಾವಿಬ್ಬರೂ ಅಳೆದು, ಕೊರೆದು, ಹಲ್ಲು ತೆಗೆದು, ಅರ ಹಾಕಿ ಉಜ್ಜಿ, ಅಲಗುಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ ಬೆಂಗಳೂರಿನ ಬಸ್ಸಿಗೆ ಹಾಕಿದೆವು. ಭಾವ ಆ ಕೆಲಸ ಮಾಡುವುದನ್ನು ನೋಡಬೇಕಿತ್ತು. ಒಂದು ಹಲ್ಲು ತಿದ್ದಿ, ಕಣ್ಣಿನ ಮಟ್ಟಕ್ಕೆ ಎತ್ತಿ, ಬೆಳಕಿಗೆ ಹಿಡಿದು, ಮಗಳ ಉಗುರು ಕತ್ತರಿಸುವಷ್ಟು ನಾಜೂಕಿನಿಂದ ಮತ್ತೆ ತಿದ್ದುತ್ತಿದ್ದ. ನಡುನಡುವೆ ಉಗುಳು ನುಂಗುವಾಗ ಕುತ್ತಿಗೆ ಹಿಡಿದುಕೊಳ್ಳುತ್ತಿದ್ದ. ನಾನು ನೋಡಿದರೆ ಕೈ ತೆಗೆಯುತ್ತಿದ್ದ.

ಪೀಣ್ಯದಿಂದ ಫೋನು ಬಂತು. ತೆಗೆದವನು ನಾನು.

“ಸಾರ್, ಇದು ಪಾತ್ರೆ ಸ್ಟೀಲು ಸಾರ್. ಇದಕ್ಕೆ ಎಷ್ಟು ಬಿಸಿ ಕೊಟ್ರೂ ಗಟ್ಟಿ ಆಗಲ್ಲ. ಕರಗ್ತದೆ, ತಣ್ಣಗಾಗ್ತದೆ, ಮೊದ್ಲಿದ್ದಂಗೇ ಇರ್ತದೆ. ಇದರ ಗುಣಾನೇ ಅದು. ಮ್ಯಾಗ್ನೆಟ್ ಹಿಡಿಯೋ ಜಾತಿ ಬೇಕು ಸಾರ್. ನಿಮ್ಗೆ ಅಂಗಡಿಯವರು ಯಾರೂ ಹೇಳ್ಲಿಲ್ವಾ?”

ಭಾವ ನನ್ನ ಮುಖವನ್ನೇ ನೋಡುತ್ತಿದ್ದ. ಯಾರ ಧ್ವನಿಯನ್ನಾದರೂ ಹುಡುಕಿಕೊಂಡು ಹೇಳೋಣವೆಂದರೆ ಆ ಹೊತ್ತು ಒಂದೂ ಸಿಗಲಿಲ್ಲ. ನನ್ನದೇ ತೆಳ್ಳನೆಯ ಧ್ವನಿಯಲ್ಲಿ ಹೇಳಿದೆ. ಅವನು ಕಿಸೆಯಿಂದ ಅಯಸ್ಕಾಂತ ತೆಗೆದು, ಅದರಲ್ಲಿ ಏನೋ ಬರೆದಿದೆಯೇನೋ ಎಂಬ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿ, ಲೇತಿನ ಮೇಲಿಟ್ಟ. ಅದು ಟಪ್ ಎಂದು ಲೇತಿಗೆ ಅಂಟಿ ಕೂತಿತು.

“ಭಾವ, ಈಗ ಹೋಪನ. ಅಲಗು ಮುಂದಿನ ವರ್ಷ ಆಗ್ತು” ಎಂದೆ.

“ಇಷ್ಟು ದಿನ ಹೋತು. ಇನ್ನು ಒಂಚೂರು” ಎಂದ. ಆ ಮಾತು ನನಗೆ ಅವನ ತುಟಿ ನೋಡಿ ತಿಳಿಯಿತೇ ಹೊರತು ಕೇಳಿಸಿದ್ದು ಕಡಿಮೆ.

ಮತ್ತೆ ಹುಬ್ಬಳ್ಳಿಗೆ ಫೋನು ಮಾಡಬೇಕಾಯಿತು. ಹೋದ ಸಲ ಬೈದ ಧ್ವನಿಯಲ್ಲೇ ಈ ಸಲ ಬೇಡಬೇಕಾಯಿತು. ಮೊದಲು ಕಳಿಸಿದ್ದೇ ಸರಿ ಇತ್ತು, ತಪ್ಪು ನಮ್ಮದು, ಅದನ್ನೇ ಮತ್ತೆ ಕಳಿಸಿ. ವ್ಯಾಪಾರಿ ದೊಡ್ಡ ಮನುಷ್ಯ, ನಗಲಿಲ್ಲ, ಹಂಗಿಸಲಿಲ್ಲ. “ಇರ್ಲಿ ಬಿಡ್ರೀ, ಆಗತೈತಿ” ಎಂದರು. ಫೋನು ಇಡುವ ಮೊದಲು ಅಂದರು: “ಹೋದ ಸಲ ನಿಮಗ ಗಂಟಲಾ ಆರಾಮ ಇಲ್ಲ ಅಂತ ಯಾರೋ ಅಂದಿದ್ರು. ಈಗ ಧ್ವನಿ ಭಾಳ ಚಲೋ ಆಗೇತ್ರೀ ಸಾಹೇಬ್ರ. ನನಗ ಖುಷಿ ಆತು.”

ಪಕ್ಕದಲ್ಲಿ ಭಾವ ಅದನ್ನು ಕೇಳಿಸಿಕೊಂಡ. ಕೈಸನ್ನೆಯಲ್ಲಿ, ಥ್ಯಾಂಕ್ಸ್ ಹೇಳು, ಎಂದ. ಹೇಳಿದೆ.

ಅಲಗು ಎರಡನೆಯ ಸಲ ಸಿದ್ಧವಾದಾಗ ಎಲ್ಲ ಕಡೆ ಕೊಯ್ಲು ಅರ್ಧ ಮುಗಿದಿತ್ತು. ಈ ಸಲ ಬಸ್ಸಿಗೆ ಹಾಕುವುದು ಬೇಡವೆಂದು ಭಾವ ತಾನೇ ಹೊರಟ, ಮಾತಾಡಲು ನನ್ನನ್ನು ಜೊತೆಗೆ ಕರೆದುಕೊಂಡ.

ಲೇಸರ್ ಎಂದರೆ ಸಿನಿಮಾದಲ್ಲಿ ಕಂಡ ಹಾಗೆ ಕೆಂಪು ಕತ್ತಿ ಝುಂಯ್ ಎಂದು ಬರುತ್ತದೆ, ಅದರ ಸದ್ದು ಕಲಿತು ಊರಿಗೆ ಹೋಗಿ ಆಡಿ ತೋರಿಸೋಣ ಎಂದುಕೊಂಡಿದ್ದೆ. ಅಲ್ಲಿ ಸದ್ದೇ ಇರಲಿಲ್ಲ. ಫ್ಯಾನಿನ ಗುಂಯ್ ಒಂದು ಬಿಟ್ಟರೆ ಏನೂ ಇಲ್ಲ. ಹೊಳೆಯುವ ಸ್ಟೀಲು ಕಿರಣವನ್ನು ವಾಪಸು ಎಸೆಯುತ್ತದೆ ಎಂದು ಆಪರೇಟರು ಹಲ್ಲುಗಳಿಗೆ ಮೊದಲು ಕಪ್ಪು ಬಣ್ಣ ಹಚ್ಚಿದ. ಭಾವ ಅದನ್ನು ನೋಡಿ ನನ್ನ ಕಡೆ ತಿರುಗಿ ಹುಬ್ಬು ಏರಿಸಿದ. ಕರಿ ಮೆಷಿನ್ ಎಂಬುದು ಅವನಿಗೂ ಆ ಹೊತ್ತಿಗೆ ನೆನಪಾಗಿರಬೇಕು. ನನಗೆ ನಗು ಬಂತು. ಗಾಜಿನ ಹಿಂದೆ ಒಂದು ಬಿಳಿಯ ಚುಕ್ಕೆ, ಮಿಂಚುಹುಳಕ್ಕಿಂತ ಸ್ವಲ್ಪ ದೊಡ್ಡದು, ಹಲ್ಲಿನಿಂದ ಹಲ್ಲಿಗೆ ನಿಧಾನವಾಗಿ ನಡೆಯಿತು. ಅದು ದಾಟಿದ ಕೂಡಲೇ ಹಿಂದಿನದು ಆರಿ, ನೀಲಿಗಪ್ಪಿನ ಒಂದು ಗೆರೆ ಉಳಿಯುತ್ತಿತ್ತು.

ಭಾವ ನನ್ನ ಕಿವಿಯಲ್ಲಿ ಉಸಿರಿನಿಂದ ಕೇಳಿದ, ನಾನು ಆಪರೇಟರಿಗೆ ದಾಟಿಸಿದೆ. “ನೀರಿಗೆ ಹಾಕೋದು ಯಾವಾಗ?”

“ನೀರು ಬೇಡ ಸಾರ್. ಮೇಲೆ ಮಾತ್ರ ಬಿಸಿ ಆಗ್ತದೆ, ಒಳಗಿರೋ ತಣ್ಣನೆ ಲೋಹ ಅದನ್ನ ಎಳ್ಕೊಂಡುಬಿಡ್ತದೆ. ಅದೇ ನೀರಿದ್ದಂಗೆ.”

“ಎಷ್ಟು ಆಳ?”

“ಉಗುರಿನ ದಪ್ಪ. ಒಳಗೆ ಮೆತ್ತಗೇ ಇರ್ಬೇಕು ಸಾರ್. ಪೂರಾ ಗಟ್ಟಿ ಆದ್ರೆ ಒಂದು ಕಲ್ಲು ಸಿಕ್ಕಿದ್ರೂ ಮುರ್ದೋಗ್ತದೆ.”

ಅಲಗು ಕೈಗೆ ಬಂದ ಮೇಲೆ ಭಾವ ಬಣ್ಣ ಒರೆಸಿ, ಚೀಲದಿಂದ ಅರ ತೆಗೆದು ಹಲ್ಲಿನ ಮೇಲೆ ಎಳೆದ. ಮೆತ್ತನೆ ಸ್ಟೀಲಿಗೆ ಅರ ಕಚ್ಚಿ ಕರ್ರ್ ಎನ್ನುತ್ತದೆ. ಇದರ ಮೇಲೆ ಗಾಜಿನ ಮೇಲೆ ಜಾರಿದ ಹಾಗೆ ಕಿಣ್ ಎಂದು ಜಾರಿತು. ಇನ್ನೊಮ್ಮೆ ಎಳೆದ. ಕಿಣ್. ಭಾವ ನಕ್ಕ. ಆ ಶೆಡ್ಡಿನಲ್ಲಿ ಅವನು ಬಾಯಿ ತುಂಬ ನಕ್ಕ. ಗಾಳಿ ಮಾತ್ರ ಬಂತು.

“ಸಾರ್‌ಗೆ ಗಂಟಲು ಕೆಟ್ಟದೆ ಅಲ್ವಾ? ಬಿಸಿನೀರು ಕುಡೀರಿ” ಎಂದ ಆಪರೇಟರು, ಪಾಪ.

ಸಿದ್ದಾಪುರಕ್ಕೆ ಬಂದ ಮರುದಿನ ಭಾವ ಮಾತು ಉಳಿಸಿಕೊಂಡ. ಒಂದು ಮನೆಯಲ್ಲಿ ಓಡಿಸಿ ತೋರಿಸುತ್ತೇನೆ ಎಂದಿದ್ದನ್ನೂ ಬಿಟ್ಟು, ಅಲಗನ್ನು ಗೋಡೆಯ ಗೂಡಿನಲ್ಲಿಟ್ಟು ಹುಬ್ಬಳ್ಳಿಗೆ ಹೊರಟ. ಡಾಕ್ಟರು ಕನ್ನಡಿ ಇಟ್ಟು ನೋಡಿದರು. ಈ ಸಲ ಬಹಳ ಹೊತ್ತು ನೋಡಿದರು. ಕರೆಂಟಿನ ಮಾತು ಎತ್ತಲಿಲ್ಲ. “ಪೆಟ್ಟಿಗೆ ತಗೀಬೇಕ್ರೀ” ಎಂದರು. ಅಕ್ಕ ನನ್ನ ತೋಳು ಹಿಡಿದಳು. ಭಾವ ತಲೆಯಾಡಿಸಿದ, ಪಾತ್ರೆ ಅಂಗಡಿಯಲ್ಲಿ ಕೆಟ್ಟ ಮಾಲು ಕೆಳಗಿಡುವಾಗಿನ ಹಾಗೆ ನಿಧಾನಕ್ಕೆ.

ಆಪರೇಷನ್ನಿನ ಹಿಂದಿನ ಸಂಜೆ ಅವನು ಅಕ್ಕನ ಹತ್ತಿರ ಏನೋ ಪಿಸುಗುಟ್ಟಿ ಮಾತಾಡುತ್ತಿದ್ದ. ನಾನು ವರಾಂಡಕ್ಕೆ ಹೋಗಿ ನಿಂತೆ. ಜಗತ್ತಿನಲ್ಲಿ ನಾನು ಬೇಕೆಂದೇ ಕೇಳಿಸಿಕೊಳ್ಳದೆ ಬಿಟ್ಟ ಧ್ವನಿ ಅದೊಂದೇ.

ಆಮೇಲೆ ಕುತ್ತಿಗೆಯ ಬುಡದಲ್ಲಿ ಒಂದು ತೂತು, ಅದರ ಮೇಲೆ ಅಕ್ಕ ಹೊಲಿದುಕೊಟ್ಟ ಬಿಳಿಯ ಬಟ್ಟೆ. ಉಸಿರಾಟ ಅಲ್ಲಿಂದ. ಕೆಮ್ಮಿದರೂ ಸದ್ದು ಬೇರೆ. ವರ್ಕ್‌ಶಾಪಿಗೆ ಬರುವವರು, ಕಿವಿ ಕೇಳದವರ ಹತ್ತಿರ ಮಾತಾಡಿದ ಹಾಗೆ ಅವನ ಹತ್ತಿರ ಕೂಗಿ ಮಾತಾಡುತ್ತಿದ್ದರು. ಅವನಿಗೆ ಕಿವಿ ನೆಟ್ಟಗಿತ್ತು. ನಾನು ಹಾಗೆ ಕೂಗುವವರನ್ನೆಲ್ಲ ಅವರು ಹೋದ ಮೇಲೆ ಆಡಿ ತೋರಿಸುತ್ತಿದ್ದೆ. ಭಾವನ ಹೆಗಲು ಕುಣಿಯುತ್ತಿತ್ತು. ನಗು ಹೆಗಲಿಗೆ ಇಳಿದಿತ್ತು.

ಮುಂದಿನ ಕೊಯ್ಲಿಗೆ ಯಂತ್ರ ಓಡಿಸಲು ಕೋಲಸಿರ್ಸಿಯಲ್ಲಿ ಯಾರೂ ಒಪ್ಪಲಿಲ್ಲ. ಯಲ್ಲಾಪುರದ ಕಡೆಯ ದೂರದ ನೆಂಟರೊಬ್ಬರು, ಬಹುಶಃ ಭಾವನ ಕುತ್ತಿಗೆಯ ಬಟ್ಟೆ ನೋಡಿ, ಒಪ್ಪಿದರು. ಅಕ್ಕಪಕ್ಕದ ಮನೆಯವರೂ ಬಂದು ಅಂಗಳದಲ್ಲಿ ನೆರೆದರು. ಭಾವ ಯಂತ್ರದ ಪಕ್ಕ ನಿಂತ. ವಿವರಿಸುವ ಕೆಲಸ ನನ್ನದು. ನಾನು ಗಂಟಲು ಸರಿಮಾಡಿಕೊಂಡು, ಏನೂ ಯೋಚಿಸದೆ, ಹಂಡೆಯ ಧ್ವನಿಯಲ್ಲಿ ಶುರುಮಾಡಿದೆ. “ಇದ್ರ ಅಲಗು ನೋಡಿ, ಇದಕ್ಕೆ ಮ್ಯಾಗ್ನೆಟ್ ಅಂಟ್ತದೆ. ಅಂಟಿದ್ರೆ ಕಲಬೆರಕೆ ಅಂತ ನಾನೇ ನಿಮಗೆಲ್ಲ ಹೇಳಿದ್ದೆ…”

ಹಿಂದೆ ಕೂತಿದ್ದ ಒಂದು ಮುದುಕಿ, ಹಳೆಯ ಪರಿಚಯದವಳು, “ಅಯ್ಯೋ, ಧ್ವನಿ ಬಂತನಾ ನಿಂಗೆ?” ಎಂದು ಭಾವನ ಕಡೆ ನೋಡಿ ಎದ್ದು ನಿಂತಳು.

ಭಾವ ಎರಡು ಹೆಜ್ಜೆ ಬಂದು, ಗ್ರೀಸು ಮೆತ್ತಿದ ಅಂಗೈಯನ್ನು ನನ್ನ ಬಾಯಿಗೆ ಮುಚ್ಚಿದ. ಸಿಟ್ಟಿರಲಿಲ್ಲ. ಮುಚ್ಚಿದ, ಸ್ವಲ್ಪ ಹೊತ್ತು ಹಾಗೇ ಹಿಡಿದ, ಆಮೇಲೆ ಕೈ ತೆಗೆದು, ಈಗ ಹೇಳು ಎಂಬ ಹಾಗೆ ಯಂತ್ರದ ಕಡೆ ತೋರಿಸಿದ. ಗ್ರೀಸಿನ ಮೀಸೆ ಹೊತ್ತುಕೊಂಡು ಉಳಿದದ್ದನ್ನು ನನ್ನ ಧ್ವನಿಯಲ್ಲಿ ಹೇಳಿದೆ. ಯಾರೂ ನಗಲಿಲ್ಲ.

ಯಂತ್ರ ಓಡಿತು. ಸಂಜೆಯವರೆಗೂ ಓಡಿತು. ಹಲ್ಲು ಮೊಂಡಾಗಲಿಲ್ಲ. ಬೇಯಿಸಿ ಹರವಿದ ಮೇಲೂ ಅಡಿಕೆಯ ಮೇಲೆ ಗೀರು ಏಳಲಿಲ್ಲ. ಮುದುಕಿ ಒಂದು ಅಡಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು, “ಚೊಲೋ ಇದ್ದು” ಎಂದಳು. ಭಾವ ಕೇಳಿಸಿಕೊಂಡು ಮುಖ ಆ ಕಡೆ ತಿರುಗಿಸಿಕೊಂಡ. ಆ ವರ್ಷ ಅವನ ಯಂತ್ರವನ್ನು ಹೊಸ ಹೆಸರಿನಿಂದ ಯಾರೂ ಕರೆಯಲಿಲ್ಲ. ಹಳೆಯ ಹೆಸರಿನಿಂದಲೂ ಕರೆಯಲಿಲ್ಲ. ಅವನಿಗೆ ಅಷ್ಟೇ ಬೇಕಿತ್ತು.

ಕುತ್ತಿಗೆಯ ಪಕ್ಕದಲ್ಲಿ ಗಂಟು ಮತ್ತೆ ಕಾಣಿಸಿಕೊಂಡದ್ದು ಆ ಬೇಸಿಗೆಯಲ್ಲಿ. ಮಳೆಗಾಲ ಮುಗಿಯುವ ಮೊದಲೇ ಭಾವ ಹೋದ. ಅದರ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ಯಾರ ಹಾಗೆ ಬರೆಯಬೇಕೆಂದು ತಿಳಿಯುವುದಿಲ್ಲ.

ವರ್ಕ್‌ಶಾಪನ್ನು ಈಗ ನಾನು ನಡೆಸುತ್ತೇನೆ. ಜನ ಅಡಿಕೆಯ ರಾಶಿಯ ಮುಂದೆ ಕೂರುವುದು ನಮ್ಮ ಸುತ್ತಲಿನ ಕೆಲವು ಮನೆಗಳಲ್ಲಿ ಕಡಿಮೆಯಾಗಿದೆ. ನನ್ನ ಆಟಗಳೂ ಕಡಿಮೆಯಾಗಿವೆ. ಬೇಡವೆಂದು ಬಿಟ್ಟದ್ದಲ್ಲ, ನೋಡುವವರು ಎದ್ದು ಹೋಗುತ್ತಾರೆ, ಅಷ್ಟೇ. ಭಾವನ ಧ್ವನಿಯನ್ನು ಮಾತ್ರ ಮತ್ತೆ ತೆಗೆದಿರಲಿಲ್ಲ. ಒಳಗೆ ಇತ್ತು. ಒಬ್ಬನೇ ಇದ್ದಾಗ ಲೇತಿನ ಸದ್ದಿನಲ್ಲಿ ಒಂದೆರಡು ಮಾತು ಆಡಿ ಸರಿಯಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಎಲ್ಲ ಸರಿಯಿತ್ತು. ಬಿರುಕು ಬೀಳುವ ಮೊದಲಿನ ಧ್ವನಿ ಅದು. ಅವನದೆಂದು ಈ ಲೋಕದಲ್ಲಿ ಉಳಿದದ್ದನ್ನು ನಾನು ಕಾದಿಟ್ಟಿದ್ದೇನೆ ಎಂಬ ಸಣ್ಣ ಜಂಬವೂ ಇತ್ತು.

ಹೋದ ವರ್ಷ ಒಂದು ದಿನ ಮಧ್ಯಾಹ್ನ ಸೊಸೆ, ಅಕ್ಕನ ಮಗಳು, ಶಾಲೆಯಿಂದ ಬಂದವಳು ಚೀಲ ಎಸೆದು ನನ್ನ ಎದುರಿಗೆ ಕೂತಳು.

“ಮಾವ, ನಿಂಗೆ ಎಲ್ಲರ ಹಂಗೂ ಮಾತಾಡಲೆ ಬತ್ತಡ, ಹೌದಾ?”

“ಯಾರು ಹೇಳಿದ್ದು?”

“ಎಲ್ಲ ಹೇಳ್ತ. ಅಪ್ಪನ ಹಂಗೂ ಬತ್ತಾ?”

ಒಳಗೆ ಅಕ್ಕ ಪಾತ್ರೆ ತೊಳೆಯುವ ಸದ್ದು ನಿಂತಿತು. ನಾನು ಬಾಗಿಲಿನ ಕಡೆ ನೋಡಿದೆ. ಅಕ್ಕ ಬೇಡ ಎನ್ನಲಿಲ್ಲ, ಮಾಡು ಎಂದೂ ಅನ್ನಲಿಲ್ಲ. ನಾನು ಬೆನ್ನು ನೆಟ್ಟಗೆ ಮಾಡಿ, ಉಸಿರನ್ನು ಹೊಟ್ಟೆಗೆ ಇಳಿಸಿ, ಇಷ್ಟು ವರ್ಷ ಜೋಪಾನ ಮಾಡಿದ್ದನ್ನು ತೆಗೆದೆ. “ಕೂಸೆ, ಇಲ್ಲಿ ಬಾ.”

ಒಳಗಿನಿಂದ ಒಂದು ಬಿಕ್ಕು ಕೇಳಿಸಿತು. ಹುಡುಗಿ ಮಾತ್ರ ನನ್ನ ಮುಖವನ್ನು ಸುಮ್ಮನೆ ನೋಡುತ್ತಿದ್ದಳು.

“ಅದು ಯಾರು?” ಎಂದಳು.

“ನಿನ್ನ ಅಪ್ಪ.”

“ಅಪ್ಪ ಹಂಗೆ ಕರೀತಿದ್ನಿಲ್ಲೆ.” ಅವಳಿಗೆ ನನ್ನ ಬಗ್ಗೆ ಸ್ವಲ್ಪ ಕನಿಕರವಾದಂತಿತ್ತು. “ಅಪ್ಪ ಹಿಂಗೆ.” ತಲೆಯನ್ನು ಒಂದು ಕಡೆ ವಾಲಿಸಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಟೊಕ್, ಟೊಕ್ ಎಂದು ಮಾಡಿದಳು. ಬಹಳ ಸಣ್ಣಗೆ. ಹತ್ತಿರ ಇದ್ದವರಿಗೆ ಮಾತ್ರ ಕೇಳುವಷ್ಟು.

ಅವಳ ನೆನಪು ಶುರುವಾಗುವ ಹೊತ್ತಿಗೆ ಅಪ್ಪನಿಗೆ ಧ್ವನಿ ಇರಲಿಲ್ಲ. ಅವಳನ್ನು ಕರೆಯಲು ಅವನು ತನ್ನ ಬಾಯಲ್ಲಿ ಉಳಿದದ್ದರಿಂದ ಒಂದು ಸದ್ದು ಮಾಡಿಕೊಂಡಿದ್ದ. ಅದೇ ಮನೆಯಲ್ಲಿ ಉಂಡು, ಅದೇ ಶೆಡ್ಡಿನಲ್ಲಿ ದುಡಿದ ನನಗೆ, ಎಲ್ಲರ ಗಂಟಲಿಗೂ ಕಿವಿ ಹಚ್ಚಿದವನಿಗೆ, ಅದು ಒಂದು ದಿನವೂ ಕೇಳಿಸಿರಲಿಲ್ಲ.

ನಾನು ನಾಲಿಗೆ ಒತ್ತಿ ಮಾಡಿ ನೋಡಿದೆ. ಟಕ್ ಎಂದಿತು.

“ಹಂಗಲ್ಲ” ಎಂದಳು.

ಇನ್ನೊಮ್ಮೆ ಮಾಡಿದೆ. ಅವಳು ತಲೆಯಾಡಿಸಿದಳು. ಆಮೇಲೆ ಮಂಡಿಯೂರಿ ಹತ್ತಿರ ಬಂದು, ನಾಲಿಗೆ ಎಲ್ಲಿಗೆ ತಾಗಬೇಕೆಂದು ಬಾಯಿ ಅಗಲಿಸಿ ತೋರಿಸಿದಳು.